ಹಳೆ ಲೀ-ಎನ್‌ಫೀಲ್ಡ್ ರೈಫಲ್ ಹೊರಗೆ ಚೆನ್ನಾಗಿದ್ದರೂ ಮರ ಬಿಚ್ಚಿದಾಗ ನಳಿಗೆ ತುಕ್ಕು ತಿಂದಿರುವುದೇಕೆ?

ಮರ ತೇವ ಹೀರಿ ಅದನ್ನು ನಳಿಗೆಗೆ ಅಂಟಿಸಿಯೇ ಇಡುವುದರಿಂದ. ಹೊರಗಿನ ಉಕ್ಕಿಗೆ ಆಗಾಗ ಎಣ್ಣೆಬಟ್ಟೆ ತಾಗುತ್ತದೆ; ಮರದಡಿಗೆ ಗಾಳಿಯೂ ಇಲ್ಲ, ಎಣ್ಣೆಯೂ ಇಲ್ಲ. ಆಗುಂಬೆ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಹಿಡಿಯುವಾಗ ಆ ಮರ ಒಣಗುವುದೆಲ್ಲಿ?

ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡೇ ಬಿಚ್ಚಿ. ನಂ. 1 ಮಾದರಿಯಲ್ಲಿ (ಮೊದಲ ಮಹಾಯುದ್ಧ ಕಾಲದ ಲೀ-ಎನ್‌ಫೀಲ್ಡ್) ಮೊದಲು ನಳಿಗೆಯಡಿಯ ಮುಂದಿನ ಮರ, ಆಮೇಲೆ ಭುಜಕ್ಕೊತ್ತುವ ಹಿಂದಿನ ಹಿಡಿ. ಹಿಡಿಯೊಳಗಿನ ಉದ್ದ ಬೋಲ್ಟಿನ ಚೌಕ ತುದಿ ಮುಂದಿನ ಮರದ ಪಟ್ಟಿಗೆ ಸಿಕ್ಕಿರುತ್ತದೆ. ಮುಂದಿನ ಮರ ತೆಗೆಯದೆ ಹಾಗೇ ಬೋಲ್ಟ್ ತಿರುಗಿಸಿದರೆ ಆ ಮರ ಸೀಳುತ್ತದೆ. (ಅದರ ಹಿಂಬದಿಯಲ್ಲಿ ಹಳೇ ಸೀಳಿದ್ದರೆ ಯಾರೋ ಇದೇ ತಪ್ಪು ಮಾಡಿರಬಹುದು.) ಮೇಲ್ತುಕ್ಕಿಗೆ ಎಣ್ಣೆ ಸವರಿ ಅತಿ ನಯವಾದ 0000 ಸ್ಟೀಲ್ ವೂಲ್‌ನಿಂದ (ಉಕ್ಕಿನ ನಾರು) ಮೆಲ್ಲಗೆ ಉಜ್ಜಿ. ಉಗುರಿಗೆ ತಡೆಯುವಷ್ಟು ಗುಳಿ ಬಿದ್ದಿದ್ದರೆ ಆ ರೈಫಲ್ ಗೋಡೆಗೆ ತೂಗುಹಾಕಲು ಮಾತ್ರ, ಹಾರಿಸುವ ಆಸೆ ಬಿಡಿ.