ಕಪ್ಪಾಗಿ ಕಂಡದ್ದೆಲ್ಲ ಸಿಸ್ಟ್ ಅಲ್ಲ

ಡಾಕ್ಟರೇ, ನಮಸ್ಕಾರ.

ಹಲ್ಲಿನ ಬೇರಿನ ತುದಿಯಲ್ಲಿ ದವಡೆ ಮೂಳೆ ಸವೆಯುವುದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಎರಡನೇ ಪುಟದ ಮೂರು ಸಾಲು ಹೀಗೇ ಅಚ್ಚಿಗೆ ಹೋಗುವುದಿಲ್ಲ.

‘ದುಂಡನೆಯ ಕಪ್ಪು ಕಲೆ, ಸುತ್ತ ಬಿಳಿ ಅಂಚು ಕಂಡರೆ ಅದು ಸಿಸ್ಟ್.’ ಯಾರು ಹೇಳಿದರು? ಸಿಸ್ಟ್ ಅಂದರೆ ದ್ರವ ತುಂಬಿದ ಚೀಲ. ಗ್ರಾನುಲೋಮಕ್ಕೂ, ಅಂದರೆ ಉರಿಯೂತದಿಂದ ಬೆಳೆದ ಅಂಗಾಂಶದ ಗಂಟಿಗೂ, ಅಂಥದೇ ಅಂಚು ಇರಬಹುದು. ಎಕ್ಸ್‌ರೇಯಿಂದ ಇವೆರಡನ್ನು ಖಚಿತವಾಗಿ ಬೇರ್ಪಡಿಸಲಾಗದು. ತೆಗೆದ ತುಣುಕನ್ನು ಮೈಕ್ರೋಸ್ಕೋಪಿನಡಿ ನೋಡಬೇಕು. ನಾಯರ್ ಮತ್ತು ಸಂಗಡಿಗರು 1996ರಲ್ಲಿ, ಕಿತ್ತ ಹಲ್ಲಿಗೆ ಅಂಟಿಕೊಂಡೇ ಬಂದ ಇಂಥ 256 ಗಂಟುಗಳನ್ನು ಪದರ ಪದರವಾಗಿ ಕೊಯ್ದು ನೋಡಿದರು. ಸಿಸ್ಟ್ ಸಿಕ್ಕಿದ್ದು ಶೇ. 15ರಲ್ಲಿ. ಅರ್ಧದಷ್ಟು ಗ್ರಾನುಲೋಮ, ಉಳಿದವು ಕೀವಿನವು.

‘ಎಕ್ಸ್‌ರೇ ಸರಿಯಿದ್ದರೆ ಮೂಳೆಯೂ ಸರಿ.’ ಇದೂ ತಪ್ಪು. ಸವೆತ ಒಳಗಿನ ಜಾಲರಿ ಮೂಳೆಯಲ್ಲೇ ಇದ್ದಾಗ ಹೊರಗಿನ ಗಟ್ಟಿ ಪದರ ಅದನ್ನು ಮರೆಮಾಡಬಹುದು.

ನನ್ನನ್ನು ಕೆಣಕಿದ್ದು ಮೂರನೆಯದು: ‘ಕಲೆ ಖಚಿತವಾದ ನಂತರ ರೂಟ್ ಕೆನಾಲ್ ಶುರು ಮಾಡಬೇಕು.’ ಹಲ್ಲಿಗೆ ಜೀವ ಇದೆಯೋ ಇಲ್ಲವೋ ನೋಡಿದ್ದೆಲ್ಲಿ? ಹಲ್ಲು ಒಣಗಿಸಿ, ತಂಪು ಸ್ಪ್ರೇ ಹೊಡೆದ ಹತ್ತಿಯುಂಡೆಯನ್ನು ಮೊದಲು ಆಚೆ ಬದಿಯ ಅದೇ ಹಲ್ಲಿಗೆ, ಆಮೇಲೆ ಪಕ್ಕದ್ದಕ್ಕೆ, ಕೊನೆಗೆ ಅನುಮಾನದ ಹಲ್ಲಿಗೆ ಇಡಿ. ಝುಂ ಅಂದು, ಹತ್ತಿ ತೆಗೆದ ತಕ್ಷಣ ನಿಂತರೆ ಹಲ್ಲಿಗೆ ಜೀವ ಇದೆ, ಕಲೆಗೆ ಬೇರೆ ಕಾರಣ ಹುಡುಕಬೇಕು. ಕೆಳಗಿನ ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಬಳಿಯಾದರೆ ಅದು ಮೆಂಟಲ್ ಫೊರಾಮೆನ್, ಅಂದರೆ ನರ ಹೊರಬರುವ ರಂಧ್ರವೇ ಇರಬಹುದು. ಎಕ್ಸ್‌ರೇ ಯಂತ್ರದ ಟ್ಯೂಬನ್ನು ಅಡ್ಡಕ್ಕೆ ಸರಿಸಿ ಇನ್ನೊಂದು ಎಕ್ಸ್‌ರೇ ತೆಗೆದರೆ ರಂಧ್ರದ ನೆರಳು ಬೇರಿನ ತುದಿ ಬಿಟ್ಟು ಜಾರುತ್ತದೆ. ಬೇರಿನ ಸುತ್ತಲ ಸಣ್ಣ ಬಿಳಿ ಗೆರೆ ಎಲ್ಲೂ ಕಡಿದಿರುವುದಿಲ್ಲ. ನಡುವಯಸ್ಸಿನ ಹೆಂಗಸರ ಕೆಳ ಮುಂಬಲ್ಲುಗಳಡಿ ಸಿಮೆಂಟೋ-ಆಸಿಯಸ್ ಡಿಸ್‌ಪ್ಲೇಸಿಯಾ, ಅಂದರೆ ಸೋಂಕಿಲ್ಲದೆ ಮೂಳೆಯ ರಚನೆ ಬದಲಾಗುವ ಸ್ಥಿತಿ, ಕೂಡ ಮೊದಮೊದಲು ಕಪ್ಪಾಗೇ ಕಾಣುತ್ತದೆ. ಅಲ್ಲಿ ರೂಟ್ ಕೆನಾಲ್ ಮಾಡಿದರೆ ಜೀವಂತ ಹಲ್ಲು ಕೊಂದಂತೆ.

ನಾವು ಕಲಿಯುವಾಗ ಫಿಲ್ಮ್ ನೋಡುವ ಮೊದಲೇ ತಂಪಿನ ಫಲ ಚೀಟಿಯಲ್ಲಿ ಬರೆದಿರಬೇಕಿತ್ತು. ಕಲೆ ಕಣ್ಣಿಗೆ ಬಿದ್ದ ಮೇಲೆ ರೋಗಿಯ ಮಾತು ಕಿವಿಗೆ ಬೀಳುವುದಿಲ್ಲ, ನೋಡಿ.

ತಂಪೂ ದಾರಿ ತಪ್ಪಿಸುತ್ತದೆ ಅನ್ನುವುದನ್ನೂ ಸೇರಿಸಿ. ವಯಸ್ಸಾದವರಲ್ಲಿ ಬೇರಿನೊಳಗಿನ ನಾಳ (ಕೆನಾಲ್) ಕಟ್ಟಿಕೊಂಡಿದ್ದರೆ ಜೀವವಿದ್ದರೂ ಹಲ್ಲು ಸ್ಪಂದಿಸದು. ದವಡೆ ಹಲ್ಲಿನಲ್ಲಿ ಒಂದು ಬೇರು ಸತ್ತಿದ್ದರೂ ಇನ್ನೊಂದು ಉತ್ತರ ಕೊಡುತ್ತದೆ.

ತಿದ್ದಿ ಕಳಿಸಿ. ಟ್ಯೂಬ್ ಸರಿಸಿ ತೆಗೆದ ಎರಡನೇ ಎಕ್ಸ್‌ರೇ ಇದ್ದರೆ ಅದನ್ನೂ ಜೊತೆಗಿಡಿ.