ತೋಡಿಗೆ ಮೀನುಮರಿ ಬಿಡುವ ಮುನ್ನ

(ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಓದುಗರೊಬ್ಬರ ಪತ್ರದ ಸಾರ: ‘ಪೇಟೆಯಂಚಿನ ನಮ್ಮ ತೋಡಿಗೆ (ಸಣ್ಣ ತೊರೆಗೆ) ಜೆಸಿಬಿ ಇಳಿಸಿ ಹೂಳೆತ್ತಿಸಿದ್ದೇವೆ. ಮಳೆ ಹಿಡಿದ ಮೇಲೆ ಕಾಟ್ಲಾ, ರೋಹು ಮರಿಗಳನ್ನೂ ಸೊಳ್ಳೆ ನಿಯಂತ್ರಣಕ್ಕೆ ಗಪ್ಪಿಯನ್ನೂ ಬಿಡಬೇಕೆಂದಿದ್ದೇವೆ. ಎಷ್ಟು ಮರಿ ಬೇಕಾದೀತು?’)

ಒಂದೂ ಬೇಡ. ಕಾಟ್ಲಾ, ರೋಹು ಉತ್ತರದ ದೊಡ್ಡ ನದಿಗಳ ಮೀನುಗಳು, ಮೊಣಕಾಲುದ್ದದ ತೋಡು ಅವಕ್ಕೆ ಸಾಲದು. ಗಪ್ಪಿ ದಕ್ಷಿಣ ಅಮೆರಿಕದ್ದು. ಕೊಳಚೆಯಲ್ಲೂ ಬದುಕಿ, ಊರ ಮೀನುಗಳ ಮರಿಗಳನ್ನೇ ತಿನ್ನುತ್ತದೆ. ಸೊಳ್ಳೆಮರಿ ತಿನ್ನಲು ನಿಮ್ಮಲ್ಲೇ ಮಾನತ್ತುಕಣ್ಣಿ ಇದೆಯಲ್ಲ, ನೆತ್ತಿಯಲ್ಲಿ ಬೆಳ್ಳಿಚುಕ್ಕೆ ಇಟ್ಟುಕೊಂಡು ನೀರ ಮೇಲ್ಮೈಯಲ್ಲೇ ಸುಳಿಯುವ ಮೀನು. ಹೊಳೆಗೂ ತೋಡಿಗೂ ದಾರಿ ಇದ್ದರೆ ಅದೂ ಬರುತ್ತದೆ, ಮುಗುಡೂ ಬರುತ್ತದೆ, ಹಾವುಮೀನೂ ಬರುತ್ತದೆ.

ಹಾಗಾಗಿ ಮೊದಲು ರಸ್ತೆಯಡಿಯ ಮೋರಿಗಳನ್ನು ನೋಡಿ. ಪೈಪಿನ ಬಾಯಿ ಕೆಳಗಿನ ನೀರಿಗಿಂತ ಒಂದಡಿ ಮೇಲೆ ನೇತಾಡುತ್ತಿದ್ದರೆ ಬೆರಳುದ್ದದ ಮೀನು ಹತ್ತಲಾರದು. ಒಂದಡಿ ಎತ್ತರಕ್ಕೆ ಇಪ್ಪತ್ತಡಿ ಉದ್ದದ ಕಲ್ಲಿನ ಇಳಿಜಾರು ಬೇಕು. ಎಂಟರಿಂದ ಹನ್ನೆರಡು ಇಂಚಿನ ಕಗ್ಗಲ್ಲುಗಳನ್ನು ಮೂರನೇ ಒಂದು ಭಾಗ ಹೂತು ಕೂರಿಸಿ. ಮುರಕಲ್ಲು (ಜಂಬಿಟ್ಟಿಗೆ) ಬೇಡ, ಹರಿವಿನಲ್ಲಿ ಉರುಳಿ ಸವೆಯುತ್ತದೆ. ಚೆಂದ ಕಾಣಲೆಂದು ಸಂದಿಗೆ ಸಿಮೆಂಟ್ ಮೆತ್ತಿದರೆ ಕೆಲಸವೇ ಕೆಟ್ಟಿತು: ಮೀನು ಸುಧಾರಿಸಿಕೊಳ್ಳುವುದು ಆ ಸಂದಿಗಳಲ್ಲೇ.

ಜೆಸಿಬಿ ತಳವನ್ನು ಅಂಗಳದಂತೆ ಸಮ ಮಾಡಿರುತ್ತದೆ. ಇದು ಹೂಳಿಗಿಂತ ದೊಡ್ಡ ಹಾನಿ. ನೀರು ತೆಳುವಾಗಿ ಹರಡಿ ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. ಗುಂಡಿಗಳನ್ನು ಮತ್ತೆ ಮಾಡಿ. ಅಂತರ ತೋಡಿನ ಅಗಲದ ಐದರಿಂದ ಏಳು ಪಟ್ಟು. ಹತ್ತಡಿ ಅಗಲವಿದ್ದರೆ ಐವತ್ತು–ಎಪ್ಪತ್ತು ಅಡಿಗೊಂದು, ಎರಡು–ಮೂರಡಿ ಆಳ, ತಿರುವಿನ ಹೊರಬದಿಯಲ್ಲಿ. ನೇರ ಓಟದ ನಡುವೆ ತೋಡಿದ ಗುಂಡಿ ಒಂದೇ ಮಳೆಗಾಲಕ್ಕೆ ತುಂಬಿ ಹೋಗುತ್ತದೆ. ಗುಂಡಿಗಳ ನಡುವೆ ಜಲ್ಲಿ ಇರಲಿ. ದಂಡೆಗೆ ಕೇದಗೆ, ವಾಟೆ ಬಿದಿರು, ಹೊಂಗೆ. ಬೇರು ಹಿಡಿಯುವ ತನಕ ಮಣ್ಣು ಕೊಚ್ಚಿ ಹೋಗದಂತೆ ತೆಂಗಿನ ನಾರಿನ ಭೂವಸ್ತ್ರ ಹಾಸಿ ಬಿದಿರಿನ ಗೂಟ ಹೊಡೆಯಿರಿ.

ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬಿದ್ದರೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಏಪ್ರಿಲ್–ಮೇಯಲ್ಲಿ ಬತ್ತದೆ ಉಳಿದ ಗುಂಡಿ ಎಷ್ಟೋ, ಮುಂದಿನ ವರ್ಷಕ್ಕೆ ಮೀನು ಅಷ್ಟೇ. ಇದೇ ಜಿಲ್ಲೆಯ ಏತಡ್ಕದವರ ಹಾಗೆ ಸಾಲು ಕಟ್ಟ (ಹರಿವಿಗೆ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡು) ಹಾಕಿದರೆ ಗುಂಡಿಗಳಿಗೆ ಜೀವ. ಆದರೆ ಮರಳು ತುಂಬಿದ ಪ್ಲಾಸ್ಟಿಕ್ ಚೀಲದ ಕಟ್ಟವಾದರೆ ಮೇ ಮುಗಿಯುವುದರೊಳಗೆ ಚೀಲ ಎತ್ತಲೇಬೇಕು. ಬಿಸಿಲಿಗೆ ಸೀಳಿದ ಚೀಲ ಎಳೆ ಎಳೆಯಾಗಿ ಹೊಳೆ ಸೇರುತ್ತದೆ, ತೆಗೆಯದ ಕಟ್ಟ ಮೊದಲ ಮಳೆಗೆ ಹೊಳೆಯಿಂದ ಮೇಲೆ ಹತ್ತುವ ಮೀನಿಗೆ ಗೋಡೆಯಾಗುತ್ತದೆ.

ಇನ್ನು ಕೊಳಚೆ. ಮಾರ್ಚಿನಲ್ಲಿ ತೋಡಿನೊಳಗೇ ನಡೆದು ನೋಡಿ, ಯಾವ ಪೈಪಿನಿಂದ ಏನು ಬರುತ್ತದೆಂದು ಬರೆದುಕೊಳ್ಳಿ. ಅಡುಗೆಮನೆ, ಬಚ್ಚಲ ನೀರಿಗೆ ಒಂದು ಸಣ್ಣ ಸಂಸಾರಕ್ಕೆ ಮೂರಡಿ ಉದ್ದ, ಅಗಲ, ಆಳದ, ಕಲ್ಲು ತುಂಬಿದ ಇಂಗುಗುಂಡಿ ಸಾಕು. ಅದಕ್ಕೂ ಮೊದಲು ಜಿಡ್ಡು ತಡೆಯುವ ಸಣ್ಣ ತೊಟ್ಟಿ ಇರಲಿ, ಇಲ್ಲವಾದರೆ ಕಲ್ಲಿನ ಸಂದಿ ಬೇಗ ಕಟ್ಟಿಕೊಳ್ಳುತ್ತದೆ. ಬಾವಿಯಿಂದ ಏಳೂವರೆ ಮೀಟರಾದರೂ ದೂರವಿರಬೇಕು. ಕಡಲ ಬದಿಯ ಮನೆಗಳಲ್ಲಿ ಮಳೆಗಾಲದ ನೀರ ಮಟ್ಟ ಮೇಲೆಯೇ ಇರುವುದರಿಂದ ಇಂಗುಗುಂಡಿ ನಡೆಯುವುದಿಲ್ಲ. ಅಲ್ಲಿ ಪಂಚಾಯತನ್ನೇ ಹಿಡಿಯಬೇಕು. ಚರಂಡಿಯ ಕಸ ಮೇಯಲ್ಲೇ ಎತ್ತಿ. ಮೊದಲ ಮಳೆ ತಿಂಗಳುಗಟ್ಟಲೆ ಕೂತ ಹೊಲಸನ್ನೆಲ್ಲ ಒಮ್ಮೆಗೇ ತಂದು ಸುರಿಯುವುದು ಮೀನು ಹತ್ತುವ ಹೊತ್ತಿಗೇ. ಆಗ ಮೋರಿಯ ಬಾಯಿಗೆ ಬಲೆ ಹಿಡಿದು ನಿಲ್ಲುವವರನ್ನೂ ತಡೆಯಿರಿ. ಹೀಗೆ ಹತ್ತುವ ಮೀನು ಹಿಡಿಯುವ ಈ ‘ಊತ್ತ’ ಬೇಟೆಗೆ ಕೇರಳದಲ್ಲಿ ನಿಷೇಧವಿದೆ.

ನೀರು ಸುಧಾರಿಸಿತೇ ಎಂದು ತಿಳಿಯಲು ಆಮ್ಲಜನಕ ಅಳೆಯಿರಿ. ಸೂರ್ಯ ಹುಟ್ಟುವ ಮೊದಲೇ ಅಳೆಯಬೇಕು, ಹಗಲಲ್ಲಿ ಪಾಚಿ ಆಮ್ಲಜನಕ ಬಿಡುವುದರಿಂದ ಕೊಳಕು ನೀರೂ ಪಾಸಾಗುತ್ತದೆ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿದ್ದರೆ ಮೀನಿಗೆ ಕಷ್ಟ. ಅಳೆಯುವ ಕಿಟ್ ಇಲ್ಲವೇ? ಹರಿವಿನ ಕಲ್ಲೊಂದನ್ನು ಮಗುಚಿ. ಬಾಲದಲ್ಲಿ ನೂಲಿನಂಥ ಮೂರು ಎಳೆಗಳಿರುವ ಚಪ್ಪಟೆ ಹುಳುಗಳು ಓಡಿದರೆ ಒಳ್ಳೆಯದು. ಕೆಸರಲ್ಲಿ ಬರೀ ಕೆಂಪು ಎಳೆಹುಳುಗಳೇ ಕಂಡರೆ ಮೇಲೆ ಇನ್ನೂ ಎಲ್ಲೋ ಪೈಪು ಉಳಿದಿದೆ.

ಎರಡು ಮಳೆಗಾಲ ಕಳೆದರೂ ಮೀನು ಕಾಣದಿದ್ದರೆ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಮರಿ ತನ್ನಿ. ಅದೂ ಇದೇ ಹೊಳೆಯ ಬೇರೊಂದು ತೋಡಿನಿಂದ, ಅಕ್ವೇರಿಯಂ ಅಂಗಡಿಯಿಂದಲ್ಲ.

– ಸಂ.