ಅಣು ರಿಯಾಕ್ಟರ್ ಬರುವಾಗ ಜನರನ್ನು ಕೇಳುವುದು ಬರೀ ನಾಟಕವೇ?

ಪ್ರಶ್ನೆ: ಇನ್ನು ಸಣ್ಣ ಅಣು ರಿಯಾಕ್ಟರ್‌ಗಳು ಬರುತ್ತವಂತೆ. ಜನಾಭಿಪ್ರಾಯ ಕೇಳುವುದು ಸುಮ್ನೆ ನಾಟಕ ಅಲ್ವಾ?

ಅರ್ಧ ನಾಟಕ ಹೌದು. ಉಳಿದರ್ಧ ನಾವು ಹೇಗೆ ಕೇಳುತ್ತೇವೆ ಎಂಬುದರ ಮೇಲಿದೆ. ನನಗೆ ಇದು ಗೊತ್ತಾದದ್ದು ಒಂದು ಕಲ್ಲುಕೋರೆಯಿಂದ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಕೆಲವು ವರ್ಷದ ಹಿಂದೆ ನಮ್ಮ ಗುಡ್ಡದ ಆಚೆ ಕೋರೆ ಬರುವುದಿತ್ತು, ಅಹವಾಲು ಸಭೆ ಕರೆದರು. ಕೋರೆಯ ಪರಿಸರ ವರದಿಯ ಸಾರಾಂಶ ಇದ್ದದ್ದು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ನಮ್ಮ ಹಿರಿಯರು ಓದುವುದು ಕನ್ನಡ ಮಾತ್ರ. ಪಕ್ಕದ ತೋಟದ ಮಾವನಿಗೆ ನೀರು ಗುಡ್ಡ ಕೊರೆದ ಸುರಂಗದಿಂದ. ಅವರು ಎದ್ದು, 'ಬಂಡೆ ಸಿಡಿಸಿ ನನ್ನ ಸುರಂಗ ಕುಸಿದರೆ ಅಡಿಕೆಗೆ ನೀರು ಯಾರು ಕೊಡುತ್ತೀರಿ?' ಎಂದು ಕೇಳಿದರು. ನಡಾವಳಿಯಲ್ಲಿ ಅದು 'ಶಬ್ದದ ಬಗ್ಗೆ ಆತಂಕ' ಎಂದಾಯಿತು. ಸುರಂಗವೇ ಮಾಯ!

ಕೇಂದ್ರ ಸರಕಾರದ 2006ರ ಪರಿಸರ ಅಧಿಸೂಚನೆ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಸಭೆ ಮುಗಿಯುವಾಗ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಅಲ್ಲೇ ನಿಂತು ತಿದ್ದಿಸಬೇಕಿತ್ತು. ನಾವು ಊಟಕ್ಕೆ ಹೊರಟಿದ್ದೆವು.

ಅಣು ಸ್ಥಾವರಕ್ಕೂ ಇದೇ ಅಧಿಸೂಚನೆ. ಕೈಗಾ 5, 6ನೇ ಘಟಕಗಳಿಗೂ 2018ರಲ್ಲಿ ಅಹವಾಲು ಸಭೆ ನಡೆದಿತ್ತು. ನಮ್ಮ ಜಿಲ್ಲೆಯ ಚೀಮೇನಿಯ ಹೆಸರೂ ಅಣು ಸ್ಥಾವರದ ಮಾತಿನಲ್ಲಿ ಕೇಳಿಬಂದದ್ದುಂಟು. ಆದರೆ ಈ ಸಭೆ ಪರಿಸರದ ಮಟ್ಟಿಗೆ ಮಾತ್ರ. ರಿಯಾಕ್ಟರಿನ ಸುರಕ್ಷತೆ ನೋಡುವುದು 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿ. ಅಲ್ಲಿ ಜಾಗ, ನಿರ್ಮಾಣ, ಚಾಲನೆ ಎಂದು ಹಂತ ಹಂತವಾಗಿ ಒಪ್ಪಿಗೆ ಸಿಗುತ್ತದೆ, ಊರವರಿಗೆ ಕುರ್ಚಿ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ. ಕೆನಡಾದಲ್ಲಿ ಡಾರ್ಲಿಂಗ್ಟನ್‌ನ 300 ಮೆಗಾವಾಟ್ ಸಣ್ಣ ರಿಯಾಕ್ಟರಿಗೆ 2025ರ ಏಪ್ರಿಲ್‌ನಲ್ಲಿ ನಿರ್ಮಾಣದ ಲೈಸನ್ಸ್ ಕೊಡುವ ಮೊದಲು ನಿಯಂತ್ರಣ ಆಯೋಗವೇ ವಿಚಾರಣೆ ಇಟ್ಟು ಜನರ ಮಾತು ಕೇಳಿತು. ಜನ ತಜ್ಞರನ್ನು ಹಿಡಿದು ವರದಿ ಓದಿಸಲು ಹಣವನ್ನೂ ಕೊಡುವ ಪದ್ಧತಿ ಅಲ್ಲಿದೆ.

ಹಾಗಾದರೆ ಏನು ಕೇಳಬೇಕು? 'ಅಪಾಯ ಇದೆಯಾ?' ಅಂದರೆ 'ಇಲ್ಲ' ಅನ್ನುತ್ತಾರೆ, ಮುಗಿಯಿತು. ಎಷ್ಟು ದೂರದವರೆಗೆ ಎಂದು ಕೇಳಿ. ದೊಡ್ಡ ಸ್ಥಾವರಕ್ಕೆ ಸುತ್ತ ಸುಮಾರು 16 ಕಿ.ಮೀ. ದೂರದವರೆಗೆ ತುರ್ತು ಯೋಜನೆ ಇರುತ್ತದೆ. ಸಣ್ಣ ರಿಯಾಕ್ಟರಿಗೆ ಅಷ್ಟು ಬೇಡ ಎಂಬ ವಾದವಿದೆ. ಅಮೆರಿಕ 2023ರಲ್ಲಿ ನಿಯಮವನ್ನೇ ಸಡಿಲಿಸಿತು. ನಮ್ಮ ಮನೆ ಗೆರೆಯ ಒಳಗೋ ಹೊರಗೋ, ಆ ಲೆಕ್ಕ ಎಲ್ಲಿಂದ ಬಂತು? ಇದಕ್ಕೆ ಉತ್ತರ ಅಂಕಿಯಲ್ಲೇ ಬರಬೇಕು.

ಬಾಯಲ್ಲಿ ಹೇಳುವುದನ್ನು ಸಭೆಗೆ ಮೊದಲೇ ಬರೆದೂ ಕೊಡಿ. ಕಾಸರಗೋಡಿನವರಾದರೆ ಕನ್ನಡದಲ್ಲೇ ಬರೆಯಿರಿ. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಭಾಷಾ ಕಾಯ್ದೆ ಕೊಟ್ಟಿದೆ. ಇನ್ನೊಂದು ಪ್ರತಿಗೆ ತಾರೀಕಿನ ಸೀಲು ಹಾಕಿಸಿಕೊಂಡೇ ಬನ್ನಿ.